ಸೊಂಟದ ಬಾಗು ಕಳೆದುಕೊಳ್ಳಬೇಡಿ

ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಿಮ್ಮಡಿ, ಪೃಷ್ಠ, ಹೆಗಲು ಮತ್ತು ತಲೆ ಗೋಡೆಗೆ ತಾಗಿರಲಿ. ಈಗ ಸೊಂಟದ ಹಿಂದೆ ಅಂಗೈ ತೂರಿಸಿ ನೋಡಿ. ಹೆಚ್ಚಿನವರಿಗೆ ಕೈ ಹೋಗುವಷ್ಟು ಜಾಗ ಸಿಗುತ್ತದೆ. ಅದೇ ಸೊಂಟದ ಬಾಗು. 'ಬೆನ್ನು ನೇರ ಮಾಡಿ ಕುಳಿತುಕೋ' ಎಂದು ಮಕ್ಕಳಿಗೆ ಹೇಳುತ್ತೇವೆ, ನಿಜ. ಆದರೆ ಬದಿಯಿಂದ ನೋಡಿದಾಗ ಬೆನ್ನುಮೂಳೆ ಕೋಲಿನಂತೆ ನೇರವಾಗಿರಬಾರದು. ಕತ್ತಿನಲ್ಲಿ ಒಳಕ್ಕೆ, ಬೆನ್ನಿನಲ್ಲಿ ಹೊರಕ್ಕೆ, ಸೊಂಟದಲ್ಲಿ ಪುನಃ ಒಳಕ್ಕೆ ಬಾಗಿರಬೇಕು.

ಸೊಂಟದಲ್ಲಿರುವ 5 ಮೂಳೆಮಣಿಗಳು ಸೇರಿ ಸಾಮಾನ್ಯವಾಗಿ 40ರಿಂದ 60 ಡಿಗ್ರಿಯಷ್ಟು ಬಾಗಿರುತ್ತವೆ. ಇದರಲ್ಲಿ ಸುಮಾರು ಮೂರನೇ ಎರಡು ಪಾಲು ಕೆಳಗಿನ ಎರಡು ಡಿಸ್ಕ್‌ಗಳ ಭಾಗದಲ್ಲೇ ಇದೆ. ಹೆಚ್ಚು ಸವೆಯುವುದೂ ಅವೇ.

ಬಾಗು ಹೋದರೆ ಏನಾಗುತ್ತದೆ?

ಡಿಸ್ಕ್ ಸವೆದು ತೆಳುವಾದಾಗ ಬಾಗು ಕಡಿಮೆಯಾಗಿ ದೇಹ ಮುಂದಕ್ಕೆ ವಾಲುತ್ತದೆ. ನೆಟ್ಟಗೆ ನಿಲ್ಲಲು ಬೆನ್ನಿನ ಸ್ನಾಯುಗಳು ದಿನವಿಡೀ ದುಡಿಯಬೇಕಾಗುತ್ತದೆ. ಮೊಣಕಾಲು ತಾನಾಗಿಯೇ ಮಡಚಿಕೊಳ್ಳುತ್ತದೆ. ಬೆಳಗ್ಗೆ ಸರಿಯಾಗಿದ್ದವರು ಸಂಜೆಯ ಹೊತ್ತಿಗೆ ಬಗ್ಗಿ ನಡೆಯುತ್ತಾರೆ. ಅಡುಗೆ ಮನೆಯ ಕಟ್ಟೆಗೆ ಮೊಣಕೈ ಊರದೆ ಸಾರು ಕುದಿಯುವವರೆಗೂ ನಿಲ್ಲಲಾಗುವುದಿಲ್ಲ.

ಶಸ್ತ್ರಚಿಕಿತ್ಸೆ ಯಾರಿಗೆ?

ಸೊಂಟ ನೋವಿರುವ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಡ. ವ್ಯಾಯಾಮ, ತೂಕ ಇಳಿಕೆ ಮತ್ತು ಔಷಧದಿಂದ ಸುಧಾರಿಸುತ್ತಾರೆ. ಮಣಿ ಜಾರಿ ನರ ಒತ್ತಿದಾಗ, ಬೆನ್ನುಮೂಳೆ ಭದ್ರತೆ ಕಳೆದುಕೊಂಡಾಗ ಅಥವಾ ಅದರ ಆಕಾರವೇ ಕೆಟ್ಟಾಗ ಮಣಿಗಳನ್ನು ಒಂದಕ್ಕೊಂದು ಬೆಸೆಯುವ 'ಫ್ಯೂಜನ್' ಬೇಕಾಗಬಹುದು.

ಬೆಸೆಯುವಾಗ ಬಾಗನ್ನು ಮರೆಯಬಾರದು. ಅಮೆರಿಕದ ಡಾ. ಪಾಲ್ ಹ್ಯಾರಿಂಗ್ಟನ್ 1962ರಲ್ಲಿ ವಿವರಿಸಿದ ಉಕ್ಕಿನ ಸರಳು ಬೆನ್ನಿನ ಪಕ್ಕವಾಲನ್ನು ಸರಿಪಡಿಸಿ ಅನೇಕ ಮಕ್ಕಳಿಗೆ ನೆರವಾಯಿತು. ಆದರೆ ಆ ಸರಳನ್ನು ಸೊಂಟದ ಕೆಳಗಿನವರೆಗೆ ಹಾಕಿಸಿಕೊಂಡ ಹಲವರ ಸೊಂಟ ಚಪ್ಪಟೆಯಾಯಿತು. ವರ್ಷಗಳ ನಂತರ ಅವರು ನೆಟ್ಟಗೆ ನಿಲ್ಲಲಾರದೆ ಬಳಲಿದರು. ವೈದ್ಯಲೋಕ ಇದನ್ನು 'ಫ್ಲಾಟ್‌ಬ್ಯಾಕ್' ಎಂದು ಕರೆಯಿತು. ಬಾಗು ಇಲ್ಲದೆ ಬೆಸೆದರೆ ಅದರ ಮೇಲಿನ ಮಣಿಗಳಿಗೂ ಹೆಚ್ಚು ಹೊರೆ ಬೀಳುತ್ತದೆ.

ಸಣ್ಣ ಗಾಯದ ವಿಧಾನ

ಈಗ ಸ್ನಾಯುಗಳನ್ನು ಮೂಳೆಯಿಂದ ಉದ್ದಕ್ಕೆ ಬಿಡಿಸದೆ, ನಡುವೆ ಕೊಳವೆ ತೂರಿಸಿ ಸಣ್ಣ ಗಾಯದ ಮೂಲಕವೇ ಫ್ಯೂಜನ್ ಮಾಡಬಹುದು. ಸವೆದ ಡಿಸ್ಕ್ ತೆಗೆದು ಆ ಜಾಗದಲ್ಲಿ 'ಕೇಜ್' ಇಡುತ್ತಾರೆ. ಇದು ಮುಂದೆ ಎತ್ತರ, ಹಿಂದೆ ತಗ್ಗು ಇರುವ ಬೆಣೆ. ಬಾಗನ್ನು ಮರಳಿ ತರುವುದು ಈ ಆಕಾರವೇ. ಬಳಿಕ ಸ್ಕ್ರೂ ಹಾಕಿ, ಬಾಗಿಸಿದ ಸರಳಿನಿಂದ ಬಿಗಿಯುತ್ತಾರೆ. ಮೂಳೆ ಪೂರ್ತಿ ಬೆಸೆಯಲು 6 ತಿಂಗಳಿಂದ ಒಂದು ವರ್ಷ ಬೇಕು.

ಬೆನ್ನಿನಿಂದ, ಪಕ್ಕೆಯಿಂದ ಅಥವಾ ಹೊಟ್ಟೆಯ ಕಡೆಯಿಂದ ಡಿಸ್ಕ್ ತಲುಪಬಹುದು. ಹೊಟ್ಟೆಯ ಕಡೆಯಿಂದ ದೊಡ್ಡ ಬೆಣೆ ಇಡಲು ಸಾಧ್ಯವಾದ್ದರಿಂದ ಸಾಮಾನ್ಯವಾಗಿ ಹೆಚ್ಚು ಬಾಗು ಸಿಗುತ್ತದೆ. ಆದರೆ ಅಲ್ಲಿ ದೊಡ್ಡ ರಕ್ತನಾಳಗಳಿರುವುದರಿಂದ ಅಪಾಯವೂ ಬೇರೆ ರೀತಿಯದು.

ಸಣ್ಣ ಗಾಯದಿಂದ ರಕ್ತ ಕಡಿಮೆ ಹೋಗುತ್ತದೆ, ಮನೆಗೆ ಬೇಗ ಮರಳಬಹುದು. ಆದರೆ ಗಾಯ ಸಣ್ಣದಾಗಿ ಬಾಗು ಬಾರದಿದ್ದರೆ ಪ್ರಯೋಜನವೇನು? ಬಹಳ ಬಿಗಿದು ಕೆಟ್ಟ ಬೆನ್ನಿಗೆ ಈಗಲೂ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಿ

• ನಿಂತ ಭಂಗಿಯಲ್ಲಿ ಪೂರ್ಣ ಬೆನ್ನಿನ ಎಕ್ಸ್‌ರೇ ಆಗಿದೆಯೇ? ಎಂಆರ್‌ಐಯನ್ನು ಸಾಮಾನ್ಯವಾಗಿ ಮಲಗಿಸಿ ತೆಗೆಯುತ್ತಾರೆ. ನಿಂತಾಗ ನೀವು ಎಷ್ಟು ವಾಲುತ್ತೀರಿ ಎಂಬುದು ಅದರಲ್ಲಿ ಕಾಣದು.
• ನನಗೆ ಎಷ್ಟು ಬಾಗು ಬೇಕು? ಪ್ರತಿಯೊಬ್ಬರ ಸೊಂಟಗೂಡಿನ ರಚನೆ ಇದನ್ನು ನಿರ್ಧರಿಸುತ್ತದೆ. ವಯಸ್ಸಾದವರಿಗೆ ಸ್ವಲ್ಪ ಕಡಿಮೆ ಸಾಕಾಗಬಹುದು.
• ಎಷ್ಟು ಮಣಿಗಳನ್ನು, ಯಾವ ಕಡೆಯಿಂದ ಬೆಸೆಯುತ್ತೀರಿ? ಆ ದಾರಿಯನ್ನು ಏಕೆ ಆರಿಸಿದಿರಿ?
• ಶಸ್ತ್ರಚಿಕಿತ್ಸೆ ಮಾಡದಿದ್ದರೆ ಏನಾಗಬಹುದು?

ಯೂನಾನಿಯ ಪಾತ್ರ

ಕಾಲಿಗೆ ಎಳೆಯುವ ನರದ ನೋವನ್ನು ನಮ್ಮ ಪದ್ಧತಿ 'ಇರ್ಕುನ್ನಸಾ' ಎನ್ನುತ್ತದೆ. ಮಾಲೀಶು ಮತ್ತು ಔಷಧದಿಂದ ಸ್ನಾಯುಗಳ ಬಿಗಿತ ಸಡಿಲವಾಗಬಹುದು. ಆದರೆ ಜಾರಿದ ಮಣಿಯನ್ನು ಎಣ್ಣೆ ಹಿಂದಕ್ಕೆ ಸರಿಸದು, ಹಿಜಾಮ ಬಾಗನ್ನು ಮರಳಿಸದು. ಯೂನಾನಿ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ. ಸೇವಿಸುತ್ತಿರುವ ಎಲ್ಲ ಔಷಧ, ಲೇಹ್ಯ, ಕಷಾಯಗಳನ್ನು ಸರ್ಜನ್‌ಗೆ ಮುಂಚೆಯೇ ತಿಳಿಸಿ. ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ. ಅವರು ಅನುಮತಿಸುವವರೆಗೆ ಗಾಯದ ಸುತ್ತ ಮಾಲೀಶು, ಹಿಜಾಮ ಬೇಡ.

ಬೀಡಿ, ಸಿಗರೇಟು ಬಿಡಿ. ಅವು ಮೂಳೆ ಬೆಸೆಯಲು ಬಿಡುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಮೊದಲ ವಾರಗಳಲ್ಲಿ ಬಗ್ಗುವುದು, ಭಾರ ಎತ್ತುವುದು ಬೇಡ. ಕುರ್ಚಿಯಲ್ಲಿ ಕುಳಿತು ಸನ್ನೆಯಿಂದ ನಮಾಝ್ ಮಾಡಲು ರೋಗಿಗೆ ವಿನಾಯಿತಿ ಇದೆ, ಅದನ್ನು ಬಳಸಿಕೊಳ್ಳಿ. ರುಕೂ, ಸುಜೂದ್ ಯಾವಾಗ ಮಾಡಬಹುದೆಂದು ಸರ್ಜನ್ ಬಳಿ ಕೇಳಿಕೊಳ್ಳಿ.

ಒಂದು ಎಚ್ಚರಿಕೆ. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ, ಮಲ ಹತೋಟಿ ತಪ್ಪಿದರೆ, ತೊಡೆ ಸಂಧಿಯ ಭಾಗ ಜೋಮು ಹಿಡಿದರೆ ಅಥವಾ ಪಾದ ಎತ್ತಲಾಗದಿದ್ದರೆ ಮಾಲೀಶಿಗೂ ಕಾಯಬೇಡಿ, ನನ್ನಂಥವರ ಬಳಿಗೂ ಬರಬೇಡಿ. ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಿ. ತಡಮಾಡಿದರೆ ನರಗಳಿಗೆ ಆದ ಹಾನಿ ಶಾಶ್ವತವಾಗಿ ಉಳಿಯಬಹುದು.