ತೂಬು ತಪ್ಪಿದ ಹೊಟ್ಟೆ

ಕಕ್ಕಡ ತಿಂಗಳ ಹದಿನೆಂಟು ಬಂತೆಂದರೆ ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪಿನ ಪಾಯಸ ಆಗಲೇಬೇಕು. ಸೊಪ್ಪು ಕುದಿಸಿದ ನೇರಳೆ ಬಣ್ಣದ ನೀರು, ಅಕ್ಕಿ, ಬೆಲ್ಲ, ಕಾಯಿಹಾಲು. ತೂಕ ಇಳಿಸಲು ಬೈಪಾಸ್ ಆಪರೇಷನ್ ಮಾಡಿಸಿಕೊಂಡವರು ಇದನ್ನು ಒಂದು ಬಟ್ಟಲು ಕುಡಿದರೆ ಅರ್ಧ ಗಂಟೆಯೊಳಗೆ ಎದೆ ಡವಡವ ಹೊಡೆದುಕೊಂಡು, ಬೆವರು ಕಿತ್ತು, ಹೊಟ್ಟೆ ನುಲಿದು, ಮಲಗುವಂತಾಗಬಹುದು. ಮನೆಯವರಿಗೆ ಗಾಬರಿ. ಕುಡಿದವರಿಗೆ ಗಾಬರಿಗಿಂತ ನಾಚಿಕೆಯೇ ಹೆಚ್ಚು: ಇಷ್ಟೆಲ್ಲ ಮಾಡಿಸಿಕೊಂಡೂ ಬಾಯಿ ಕಟ್ಟಲಾಗಲಿಲ್ಲವಲ್ಲ ಎಂದು. ಆ ನಾಚಿಕೆ ಬೇಡ. ಹೊಸ ಹೊಟ್ಟೆ ಹೇಗೆ ಕೆಲಸ ಮಾಡುತ್ತದೆಂದು ಗೊತ್ತಾದರೆ, ನಡೆದದ್ದೇನು ಎಂಬುದೂ ಗೊತ್ತಾಗುತ್ತದೆ.

ಜಠರ ಬರೀ ಚೀಲವಲ್ಲ, ಸ್ನಾಯುವಿನ ಯಂತ್ರ. ಒಂದು ಲೀಟರಿಗೂ ಹೆಚ್ಚು ಹಿಗ್ಗಬಲ್ಲದು, ಅನ್ನವನ್ನು ಅರೆದು ಗಂಜಿಯಾಗಿಸಬಲ್ಲದು. ಅದರ ಬುಡದಲ್ಲಿರುವ ಪೈಲೋರಸ್ ಎಂಬ ಬಿಗಿ ಉಂಗುರ ಕೆರೆಯ ತೂಬಿನಂತೆ, ಅರೆದದ್ದನ್ನು ಸ್ವಲ್ಪ ಸ್ವಲ್ಪವೇ ಸಣ್ಣಕರುಳಿಗೆ ಬಿಡುತ್ತದೆ. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ 1966ರಲ್ಲಿ ಆರಂಭಿಸಿದ ಬೈಪಾಸ್ ಬದಲಾಗುತ್ತ ಬಂದಿದೆ. ಇಂದಿನ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲವನ್ನಷ್ಟೇ ಬಳಕೆಗೆ ಉಳಿಸಿ, ಅದನ್ನು ನೇರವಾಗಿ ಸಣ್ಣಕರುಳಿಗೆ ಹೊಲಿಯುತ್ತಾರೆ. ತೂಬು ದಾರಿಯಲ್ಲೇ ಸಿಗುವುದಿಲ್ಲ. ಬೆಲ್ಲದ ಪಾಯಸ ಒಮ್ಮೆಗೇ ಕರುಳಿಗಿಳಿಯುತ್ತದೆ. ಆ ಸಕ್ಕರೆಯನ್ನು ತೆಳುವಾಗಿಸಲು ರಕ್ತದ ನೀರು ಕರುಳಿನತ್ತ ನುಗ್ಗುತ್ತದೆ, ಹಾರ್ಮೋನುಗಳು ಉಕ್ಕುತ್ತವೆ. ಡವಡವಕ್ಕೆ, ನುಲಿತಕ್ಕೆ ಇದೇ ಕಾರಣ. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ.

ಇದರ ಎರಡನೆಯ ಅಲೆ ಇನ್ನೂ ಮೋಸದ್ದು. ಸಕ್ಕರೆ ಸರ್ರನೆ ಏರಿದ್ದಕ್ಕೆ ದೇಹ ಬೇಕಾದ್ದಕ್ಕಿಂತ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಒಂದರಿಂದ ಮೂರು ಗಂಟೆಯೊಳಗೆ ರಕ್ತದ ಸಕ್ಕರೆ ಕುಸಿದು ಕೈ ನಡುಗುತ್ತದೆ, ಅಸಾಧ್ಯ ಹಸಿವಾಗುತ್ತದೆ. ಆಗ ಮತ್ತೆ ಸಿಹಿ ತಿಂದರೆ ಮತ್ತೆ ಅದೇ ಸುತ್ತು. ಹೊರಗಿನಿಂದ ನೋಡಿದವರು 'ತಿನ್ನೋ ಚಪಲ' ಎಂದುಬಿಡುತ್ತಾರೆ.

ಸ್ಲೀವ್ ಎಂಬ ಇನ್ನೊಂದು ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ತೂಬು ಉಳಿಯುವುದರಿಂದ ಡಂಪಿಂಗ್ ಕಡಿಮೆ, ಇಲ್ಲವೆಂದಲ್ಲ. ಜಪಾನಿನ ವಿಜ್ಞಾನಿಗಳು 1999ರಲ್ಲಿ ಗುರುತಿಸಿದ ಘ್ರೆಲಿನ್ ಎಂಬ ಹಸಿವಿನ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಹೀಗೆ ಕತ್ತರಿಸಿ ತೆಗೆಯುವ ಭಾಗದಲ್ಲೇ. ಮೊದಲ ತಿಂಗಳುಗಳಲ್ಲಿ ಹಸಿವೇ ಮರೆತಂತಾಗುವುದು ಬಹುಮಟ್ಟಿಗೆ ಅದಕ್ಕೇ.

ಕೈಲ್ ಮುಹೂರ್ತ ಹಬ್ಬದ ಊಟದ ತೊಂದರೆ ಬೇರೆ ಬಗೆಯದು. ಅಕ್ಕಿತರಿಯ ಉಂಡೆಯಾದ ಕಡಂಬಿಟ್ಟು ಅಂಟಾಗಿ ಮುದ್ದೆ ಕಟ್ಟುತ್ತದೆ, ಪಂದಿ ಕರಿಯ ಹಂದಿಮಾಂಸದ ತುಂಡಿನಲ್ಲಿ ನಾರಿರುತ್ತದೆ. ಮಾತಿನ ಭರದಲ್ಲಿ ಅಗಿಯದೆ ನುಂಗಿದರೆ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡು ಎದೆಗೂಡಿನ ಹಿಂದೆ ಒತ್ತಿದಂತಾಗಿ, ಬಾಯ್ತುಂಬ ನೊರೆ ಬರುತ್ತದೆ. ವೈದ್ಯರು ಅನುಮತಿ ಕೊಟ್ಟ ಮೇಲೆ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ, ನುಣ್ಣಗಾಗುವ ತನಕ ಅಗಿದು, ಮೊದಲು ಅದನ್ನೇ ತಿನ್ನಬೇಕು. ಕಡಂಬಿಟ್ಟು ಆಮೇಲೆ, ಜಾಗ ಉಳಿದರೆ. ನೀರು ಕುಡಿಯಲು ಊಟವಾಗಿ ಅರ್ಧ ಗಂಟೆ ಕಾಯಬೇಕು. ಬಡಿಸುವವರಿಗೂ ನನ್ನದೊಂದು ಕೋರಿಕೆ: ಎರಡು ತುತ್ತಿಗೆ ಕೈ ತೊಳೆದವರನ್ನು 'ನಮ್ಮ ಮನೆ ಊಟ ಸೇರಲಿಲ್ವಾ' ಎಂದು ಕೇಳಬೇಡಿ. ಆ ಒಂದು ಮಾತಿಗೆ ಮೂರನೆಯ ತುತ್ತು ನುಂಗಿ ಹಿತ್ತಲಿಗೆ ಓಡುವವರಿದ್ದಾರೆ.

ತೂಕ ಸ್ವಲ್ಪ ಮರಳುವುದೂ ಅಪರೂಪವಲ್ಲ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೀರ್ಘ ಅಧ್ಯಯನದಲ್ಲಿ ಬೈಪಾಸ್ ಆದವರು ಮೊದಲೆರಡು ವರ್ಷಗಳಲ್ಲಿ ಸರಾಸರಿ ಶೇ. 32ರಷ್ಟು ತೂಕ ಕಳೆದುಕೊಂಡಿದ್ದರು. ಹತ್ತನೆಯ ವರ್ಷಕ್ಕೆ ಆ ಇಳಿಕೆ ಶೇ. 25ಕ್ಕೆ ಬಂದಿತ್ತು. ನಾಲ್ಕು ಕಿಲೋ ಏರಿತೆಂದು ಉಪವಾಸ ಕೂರುವುದು, ಡಾಕ್ಟರ ಮುಖ ತಪ್ಪಿಸಿ ಓಡಾಡುವುದು ಎರಡೂ ನಷ್ಟ. ಹೆಚ್ಚಾಗಿ ಕಾರಣ ದಿನವಿಡೀ ಬಾಯಾಡಿಸುವ ಚಿಪ್ಸು, ಬಿಸ್ಕತ್ತು. ಕರಗಿ ಜಾರುವ ತಿಂಡಿಗೆ ಪುಟ್ಟ ಹೊಟ್ಟೆ ತಡೆ ಒಡ್ಡುವುದಿಲ್ಲ. ಮದ್ಯದ ಬಗ್ಗೆಯಂತೂ ಬಿಡಿಸಿ ಹೇಳಲೇಬೇಕು. ಬೈಪಾಸ್ ನಂತರ ಅದು ಬೇಗ ರಕ್ತ ಸೇರಿ ಹೆಚ್ಚು ಏರುತ್ತದೆ. ಎರಡನೆಯ ವರ್ಷದಲ್ಲಿ ಕುಡಿತದ ಸಮಸ್ಯೆ ಹೆಚ್ಚುವುದನ್ನು 2012ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಮದುವೆಮನೆಯಲ್ಲಿ ಗ್ಲಾಸು ಚಾಚುವವರಿಗೆ ಇದು ಗೊತ್ತಿರಬೇಕು.

ಒಂದು ಲಕ್ಷಣವನ್ನು ಮಾತ್ರ ಮನೆಯಲ್ಲಿಟ್ಟುಕೊಂಡು ಕಾಯುವಂತಿಲ್ಲ: ದಿನಗಟ್ಟಲೆ ನಿಲ್ಲದ ವಾಂತಿ. ತಿಂದದ್ದು ಒಳಗೆ ನಿಲ್ಲದಿದ್ದರೆ ದೇಹದಲ್ಲಿರುವ ಥಯಮಿನ್, ಅಂದರೆ ಬಿ1 ಜೀವಸತ್ವದ ದಾಸ್ತಾನು ಎರಡು ಮೂರು ವಾರಕ್ಕೆ ಮುಗಿಯುತ್ತದೆ. ಆಮೇಲೆ ನಡಿಗೆ ತೊಡರುತ್ತದೆ, ಕಣ್ಣಿಗೆ ಎರಡೆರಡು ಕಾಣುತ್ತದೆ, ಮಾತು ಗೊಂದಲವಾಗುತ್ತದೆ. ಮಳೆ ಬಿಡಲಿ, ಆಪರೇಷನ್ ಆದ ಮೈಸೂರಿಗೋ ಬೆಂಗಳೂರಿಗೋ ಆಮೇಲೆ ಹೋದರಾಯಿತು ಎಂದು ಕೂರಬಾರದು. ಮಡಿಕೇರಿಯೋ ವಿರಾಜಪೇಟೆಯೋ, ಹತ್ತಿರದ ಆಸ್ಪತ್ರೆಗೆ ಹೋಗಿ, ಯಾವ ಆಪರೇಷನ್ ಆಗಿದೆ ಎಂಬ ಚೀಟಿಯನ್ನು ಮೊದಲು ಕೊಡಿ. ಗ್ಲೂಕೋಸ್ ಡ್ರಿಪ್ ಹಾಕುವುದಿದ್ದರೆ ಅದಕ್ಕೂ ಮುಂಚೆ ಥಯಮಿನ್ ಚುಚ್ಚುಮದ್ದು ಬೇಕೇ ಎಂದು ಕೇಳಿ. ಬಿ1 ಬರಿದಾದ ದೇಹಕ್ಕೆ ಬರೀ ಗ್ಲೂಕೋಸ್ ಹೋದರೆ ಮೆದುಳಿಗೆ ಆಗುವ ಪೆಟ್ಟು ಇನ್ನೂ ಜೋರಾಗಬಹುದು.