ಕುಜ-ಶನಿ ದೃಷ್ಟಿ: ಶಾಸ್ತ್ರಾರ್ಥ ಮತ್ತು ಶರಣಮಾರ್ಗ

ಮಠಕ್ಕೆ ಬರುವ ಸದ್ಭಕ್ತರಲ್ಲಿ ಕೆಲವರು ಮಕ್ಕಳ ಜಾತಕವನ್ನೂ ಜೊತೆಯಲ್ಲಿ ತರುವುದುಂಟು. “ಕುಜನನ್ನು ಶನಿ ನೋಡುತ್ತಾನಂತೆ, ಬುದ್ಧಿ. ಹುಡುಗಿಯ ಬಾಳು ಸುಖವಾಗದೆಂದು ಬಂದ ಸಂಬಂಧದವರು ಹಿಂದಿರುಗಿದರು” ಎಂಬುದು ಅವರ ಅಳಲು. ಒಂದು ದೃಷ್ಟಿಯ ಮಾತು ಒಂದು ಮನೆಯ ನೆಮ್ಮದಿಯನ್ನೇ ಕದಡುವುದಾದರೆ, ಆ ಮಾತಿಗೆ ಶಾಸ್ತ್ರದಲ್ಲಿ ಎಷ್ಟು ಆಧಾರವಿದೆ, ಲಿಂಗವಂತನು ಅದನ್ನು ಹೇಗೆ ಕಾಣಬೇಕು ಎಂಬುದನ್ನು ವಿಚಾರಿಸುವುದು ಅವಶ್ಯಕವಾಗಿದೆ.

ಒಂದು ಗ್ರಹವು ತಾನಿರುವ ರಾಶಿಯಿಂದ ಎಣಿಸಿದ ನಿಯತ ಸ್ಥಾನಗಳ ಮೇಲೆ ಬೀರುವ ಪ್ರಭಾವಕ್ಕೆ ಜ್ಯೋತಿಷದಲ್ಲಿ ‘ದೃಷ್ಟಿ’ ಎಂದು ಹೆಸರು. 6ನೆಯ ಶತಮಾನದ ವರಾಹಮಿಹಿರನ ಬೃಹಜ್ಜಾತಕವು ಇದರ ಪ್ರಮಾಣವನ್ನು ಹೇಳುತ್ತದೆ. 3 ಮತ್ತು 10ನೆಯ ಸ್ಥಾನಗಳ ಮೇಲೆ ಕಾಲು, 5 ಮತ್ತು 9ರ ಮೇಲೆ ಅರ್ಧ, 4 ಮತ್ತು 8ರ ಮೇಲೆ ಮುಕ್ಕಾಲು, 7ರ ಮೇಲೆ ಪೂರ್ಣದೃಷ್ಟಿ. ಆದರೆ ಶನಿಗೆ 3 ಮತ್ತು 10, ಗುರುವಿಗೆ 5 ಮತ್ತು 9, ಕುಜನಿಗೆ 4 ಮತ್ತು 8ನೆಯ ಸ್ಥಾನಗಳ ಮೇಲೆಯೂ ಪೂರ್ಣದೃಷ್ಟಿಯುಂಟು. ಕನ್ನಡಕ್ಕೂ ಈ ಶಾಸ್ತ್ರವು ಹೊಸತಲ್ಲ. ಶ್ರೀಧರಾಚಾರ್ಯನ ಜಾತಕತಿಲಕವು 1049ರಲ್ಲಿಯೇ ರಚಿತವಾಯಿತು.

ಕುಜನು ಅಗ್ನಿತತ್ತ್ವದವನು, ಸಾಹಸ, ಆವೇಗ, ಕೋಪಗಳಿಗೆ ಕಾರಕ. ಶನಿಯು ವಾಯುತತ್ತ್ವದವನು, ವಿಳಂಬ, ಶ್ರಮ, ಸಂಯಮಗಳಿಗೆ ಕಾರಕ. ಒಬ್ಬನು ಮುನ್ನುಗ್ಗಿಸುತ್ತಾನೆ, ಇನ್ನೊಬ್ಬನು ತಡೆದು ನಿಲ್ಲಿಸುತ್ತಾನೆ. ಇಬ್ಬರೂ ನೈಸರ್ಗಿಕ ಪಾಪಗ್ರಹರು. ಆದುದರಿಂದ ಇವರ ದೃಷ್ಟಿಸಂಬಂಧವನ್ನು ಘರ್ಷಣೆಯೆಂದು ಗಣಿಸುವುದು ಸಹಜ.

ಆದರೆ ಎಲ್ಲ ಸಂಬಂಧವೂ ಒಂದೇ ಬಗೆಯದಲ್ಲ. ಕುಜನು ಮೇಷದಲ್ಲಿಯೂ ಶನಿಯು ಕರ್ಕಾಟಕದಲ್ಲಿಯೂ ಇದ್ದರೆ, ಕುಜನ 4ನೆಯ ದೃಷ್ಟಿ ಶನಿಯ ಮೇಲೆ, ಶನಿಯ 10ನೆಯ ದೃಷ್ಟಿ ಕುಜನ ಮೇಲೆ ಬೀಳುತ್ತದೆ. ಇದು ಪರಸ್ಪರ ಪೂರ್ಣದೃಷ್ಟಿ. ಶನಿಯು ವೃಶ್ಚಿಕದಲ್ಲಿದ್ದರೆ ಕುಜನು 8ನೆಯ ದೃಷ್ಟಿಯಿಂದ ಅವನನ್ನು ನೋಡುತ್ತಾನೆ; ಶನಿಗೆ ಮೇಷವು 6ನೆಯದಾದುದರಿಂದ ಅವನು ಕುಜನನ್ನು ನೋಡುವುದಿಲ್ಲ. ಶನಿಯು ಮಕರದಲ್ಲಿದ್ದರಂತೂ ಎರಡು ಕಡೆಯಿಂದಲೂ ಪೂರ್ಣದೃಷ್ಟಿಯಿಲ್ಲ. ಹೀಗಿರಲು ‘ಕುಜ-ಶನಿ ದೃಷ್ಟಿಯಿದೆ’ ಎಂಬಷ್ಟರಿಂದಲೇ ಫಲವನ್ನು ನುಡಿಯುವುದು ಅವಸರದ ಮಾತು.

ದೃಷ್ಟಿಯು ನಿಶ್ಚಯವಾದ ಮೇಲೆಯೂ ಗ್ರಹರ ಬಲವನ್ನೂ ಆಧಿಪತ್ಯವನ್ನೂ ನೋಡಬೇಕು. ತುಲಾಲಗ್ನದ ಒಂದು ಜಾತಕವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಲಗ್ನದಲ್ಲಿ ಶನಿ, 7ನೆಯದಾದ ಮೇಷದಲ್ಲಿ ಕುಜ. ಇಬ್ಬರೂ ಪರಸ್ಪರ ಎದುರಾಗಿದ್ದಾರೆ. ಕಳತ್ರಸ್ಥಾನದಲ್ಲಿ ಕುಜ, ಅವನ ಮೇಲೆ ಶನಿಯ ನೋಟ! ಅರ್ಧ ತಿಳಿದವನು ಇಷ್ಟಕ್ಕೇ ತಲೆಯಾಡಿಸಿ ಜಾತಕವನ್ನು ಮಡಿಸಿಬಿಡುತ್ತಾನೆ. ಪೂರ್ಣ ತಿಳಿದವನು ಮುಂದೆ ನೋಡುತ್ತಾನೆ. ಶನಿಗೆ ತುಲೆಯು ಉಚ್ಚರಾಶಿ. ತುಲಾಲಗ್ನಕ್ಕೆ ಅವನು 4 ಮತ್ತು 5ರ ಅಧಿಪತಿಯಾಗಿ ಯೋಗಕಾರಕ. ಕುಜನಿಗೆ ಮೇಷವು ಸ್ವಕ್ಷೇತ್ರ. ಇಬ್ಬರೂ ಕೇಂದ್ರದಲ್ಲಿರುವುದರಿಂದ ಶನಿಯಿಂದ ಶಶಯೋಗವೂ ಕುಜನಿಂದ ರುಚಕಯೋಗವೂ ಉಂಟಾಗುತ್ತವೆ. ಇವು ಪಂಚಮಹಾಪುರುಷಯೋಗಗಳಲ್ಲಿ ಎರಡು. ಸ್ವಕ್ಷೇತ್ರದ ಕುಜನಿಗೆ ಕುಜದೋಷವನ್ನು ಹೇಳದ ಸಂಪ್ರದಾಯವೂ ಉಂಟು. ಧನುವಿನಲ್ಲಿ ಗುರುವಿದ್ದರೆ ಅವನ 5ನೆಯ ದೃಷ್ಟಿಯು ಆ ಕುಜನ ಮೇಲೆಯೇ ಬೀಳುತ್ತದೆ. ಹೆದರಿಸಿದ ಜಾತಕವೇ ಈಗ ದೃಢಸಂಕಲ್ಪದ, ಶ್ರಮಸಹಿಷ್ಣುವಾದ ವ್ಯಕ್ತಿಯನ್ನು ಸೂಚಿಸುತ್ತದೆ. ಆವೇಗಕ್ಕೆ ಕಡಿವಾಣ ಬಿದ್ದರೆ ಅದೇ ಸ್ಥೈರ್ಯವಲ್ಲವೆ?

ಇನ್ನೊಂದು ವಿಚಾರವೂ ಗಮನಾರ್ಹ. ಶನಿಯು ರಾಶಿಚಕ್ರವನ್ನು ಸುತ್ತಲು ಸುಮಾರು 29½ ವರ್ಷ ಬೇಕು. ಕುಜನಿಗೆ ಸುಮಾರು 687 ದಿನ ಸಾಕು. ಆದಕಾರಣ ಅವರಿಬ್ಬರೂ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ಎದುರುಬದುರಾಗುತ್ತಾರೆ. ಕುಜನು ಸಾಮಾನ್ಯವಾಗಿ ಒಂದು ರಾಶಿಯಲ್ಲಿ ಒಂದೂವರೆ ತಿಂಗಳು ಇರುತ್ತಾನೆ. ಆ ಅವಧಿಯಲ್ಲಿ ಹುಟ್ಟಿದ ಶಿಶುಗಳೆಲ್ಲರ ಜಾತಕದಲ್ಲಿಯೂ ಇದೇ ದೃಷ್ಟಿಯಿರುತ್ತದೆ. ಅವರೆಲ್ಲರ ದಾಂಪತ್ಯವೂ ಕೆಡುವುದೆಂದು ಯಾವ ವಿವೇಕಿಯು ಹೇಳಿಯಾನು? ಗ್ರಹರ ಗತಿಯು ಗಣಿತಕ್ಕೆ ಸಿಕ್ಕುವ ವಿಷಯ, ಆಕಾಶವನ್ನು ನೋಡಿ ಸರಿ-ತಪ್ಪನ್ನು ತಿಳಿಯಬಹುದು. ಫಲಭಾಗಕ್ಕೆ ಅಂಥ ಪ್ರಮಾಣವಿಲ್ಲ. ಈ ಅಂತರವನ್ನು ಮರೆತರೆ ಗಣಿತದ ಗೌರವವು ಊಹೆಗೆ ಸಲ್ಲುತ್ತದೆ.

ಇನ್ನು ಶರಣಮಾರ್ಗದ ನಿಲುವು. 12ನೆಯ ಶತಮಾನದ ಶರಣರು ಜನ್ಮದ ಮೇಲುಕೀಳನ್ನು ಒಪ್ಪಲಿಲ್ಲ. ಜನ್ಮಕಾಲದ ಮೇಲುಕೀಳಿಗೂ ಅವರು ತಲೆಬಾಗಲಿಲ್ಲ. ಲಗ್ನ, ರಾಶಿಕೂಟ, ತಾರಾಬಲಗಳೆಲ್ಲವೂ ಒಳ್ಳೆಯವೇ ಎಂದು ಹೇಳಿರೆಂಬ ಬಸವಣ್ಣನವರ ವಚನವೊಂದರ ಭಾವವು ವಾಚಕರಿಗೆ ಪರಿಚಿತವೇ ಆಗಿದೆ. ಶಿವಪೂಜೆಗೆ ಒದಗಿದ ದಿನವೇ ಸುದಿನ ಎಂಬುದು ಅದರ ಹೃದಯ. ಅಂಗದ ಮೇಲೆ ಇಷ್ಟಲಿಂಗವನ್ನು ಧರಿಸಿ, ಕಾಯಕದಿಂದ ಬಾಳನ್ನು ಕಟ್ಟಿಕೊಳ್ಳುವ ಭಕ್ತನಿಗೆ ಆಶ್ರಯವು ಲಿಂಗವೇ ಹೊರತು ಗ್ರಹವಲ್ಲ. ಲಿಂಗವನ್ನು ಕೊರಳಲ್ಲಿ ಧರಿಸಿಯೂ ಶನಿಗೆ ಅಂಜುವುದು ತನ್ನ ದೀಕ್ಷೆಯನ್ನು ತಾನೇ ಸಂದೇಹಿಸಿದಂತೆ.

ಹಾಗೆಂದು ಜಾತಕವನ್ನು ತಂದ ತಾಯಿತಂದೆಯರನ್ನು ಹಳಿಯುವುದು ಯುಕ್ತವಲ್ಲ. ಮಕ್ಕಳ ಮೇಲಿನ ಮಮತೆಯೇ ಅವರನ್ನು ಅಂಜಿಸಿದೆ. ಅವರಿಗೆ ಹೇಳತಕ್ಕದ್ದು ಇಷ್ಟೆ: ವರನ ನಡತೆಯನ್ನು ವಿಚಾರಿಸಿರಿ, ಅವನ ದುಡಿಮೆಯನ್ನೂ ಆರೋಗ್ಯವನ್ನೂ ತಿಳಿಯಿರಿ, ಮಗಳ ಮನಸ್ಸನ್ನು ಕೇಳಿರಿ. ಕೋಪ ಹೆಚ್ಚಾದವರಿಗೆ ತಾಳ್ಮೆಯನ್ನೂ ಆಲಸ್ಯ ಹೆಚ್ಚಾದವರಿಗೆ ಉತ್ಸಾಹವನ್ನೂ ಕಲಿಸಿರಿ. ಕುಜ-ಶನಿಯರಿಗೆ ಇದಕ್ಕಿಂತ ಮಿಗಿಲಾದ ಶಾಂತಿಯಿಲ್ಲ. ಒಂದು ದೃಷ್ಟಿಯ ಹೆಸರಿನಲ್ಲಿ ಹೆಣ್ಣುಮಗಳೊಬ್ಬಳ ಬಾಳಿಗೆ ಬಾಗಿಲು ಮುಚ್ಚುವುದನ್ನು ಶಾಸ್ತ್ರವೂ ಮೆಚ್ಚದು, ಶರಣಧರ್ಮವೂ ಮೆಚ್ಚದು.