ಕೂಸು ಹುಟ್ಟುವ ಮುನ್ನ ಕುಲಾವಿ

‘ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ’ ಎಂಬ ಗಾದೆಯನ್ನು ನಮ್ಮ ಹಿರಿಯರು ಅವಸರದ ಮಂದಿಯನ್ನು ಹಂಗಿಸಲು ಬಳಸುತ್ತಿದ್ದರು. ನನ್ನ ವೃತ್ತಿಯಲ್ಲಿ ಮಾತ್ರ ಆ ಅವಸರವೇ ವಿವೇಕ. ಕುಲಾವಿ ಮೊದಲೇ ಸಿದ್ಧವಾಗದಿದ್ದರೆ ಅಲ್ಲಿ ಕೂಸು ಹುಟ್ಟುವುದೇ ಇಲ್ಲ.

ಅಮೆರಿಕದ ಕಾರ್ಖಾನೆಗಳಲ್ಲಿ ಉದ್ದಿಮೆ ತಂತ್ರಾಂಶವನ್ನು ಅಳವಡಿಸುವುದು ನನ್ನ ಕಾಯಕ. ಈ ಸಮ್ಮೇಳನಕ್ಕೆ ಆಗಮಿಸಿರುವ ಪ್ರತಿನಿಧಿಗಳಲ್ಲಿ ಹಲವರು ಇದೇ ದೋಣಿಯ ಪಯಣಿಗರು, ಜರ್ಮನಿಯ ಎಸ್.ಎ.ಪಿ. ಸಂಸ್ಥೆಯು 1998ರಲ್ಲಿ ಬೆಂಗಳೂರಿನಲ್ಲಿ ತನ್ನ ಪ್ರಯೋಗಾಲಯವನ್ನು ತೆರೆದ ಮೇಲಂತೂ ಈ ತಂತ್ರಾಂಶದ ಎಷ್ಟೋ ಭಾಗ ಕನ್ನಡದ ನೆಲದಲ್ಲಿಯೇ ಸಿದ್ಧವಾಗುತ್ತಿದೆ. ಉಳಿದ ಓದುಗರಿಗಾಗಿ ಒಂದೆರಡು ಮಾತು ವಿವರಿಸಬೇಕು.

ಸಾಮಗ್ರಿ ಯೋಜನೆಯ ಮೂಲತತ್ತ್ವ ಬಲು ಸರಳ. ಜೋಸೆಫ್ ಆರ್ಲಿಕಿ ಅವರು 1975ರಲ್ಲಿ ಗ್ರಂಥರೂಪಕ್ಕೆ ತಂದ ಎಂ.ಆರ್.ಪಿ. ಎಂಬ ಪದ್ಧತಿಯೇ ಇಂದಿಗೂ ಅದರ ಬೆನ್ನೆಲುಬು. ನೂರು ಸೈಕಲ್ ಬೇಕೆಂದರೆ ಇನ್ನೂರು ಗಾಲಿ ಬೇಕು. ಗಾಲಿ ತಯಾರಾಗಲು ಮೂರು ವಾರ ಹಿಡಿಯುವುದಾದರೆ ಮೂರು ವಾರ ಮುಂಚೆ ಹೇಳಿರಬೇಕು. ವಿತರಣೆಯ ದಿನದಿಂದ ಹಿಂದಕ್ಕೆ ಎಣಿಸುತ್ತ ಹೋಗುವ ಈ ಲೆಕ್ಕವನ್ನು ಗಣಕಯಂತ್ರ ಕ್ಷಣಾರ್ಧದಲ್ಲಿ ಮಾಡಿ ಮುಗಿಸುತ್ತದೆ. ಆದರೆ ಒಂದು ನಿಬಂಧನೆಯುಂಟು: ಸೈಕಲ್ಲಿಗೆ ಎಷ್ಟು ಗಾಲಿ ಎಂಬ ಪಟ್ಟಿ, ಅಂದರೆ ಬಿಲ್ ಆಫ್ ಮೆಟೀರಿಯಲ್, ಮೊದಲೇ ಸಿದ್ಧವಿರಬೇಕು.

ಗ್ರಾಹಕನೊಬ್ಬನಿಗಾಗಿಯೇ ಹೊಸದಾಗಿ ವಿನ್ಯಾಸಗೊಳ್ಳುವ ಯಂತ್ರಕ್ಕೆ ಆ ಪಟ್ಟಿ ಇರುವುದಿಲ್ಲ. ವಿದ್ಯುತ್ ಉಪಕೇಂದ್ರಗಳ ದೊಡ್ಡ ಟ್ರಾನ್ಸ್‌ಫಾರ್ಮರನ್ನೇ ತೆಗೆದುಕೊಳ್ಳಿ. 100ರಿಂದ 400 ಟನ್ ತೂಗುವ ಈ ಗಜಗಾತ್ರದ ಯಂತ್ರವು ಅಂಗಡಿಯಲ್ಲಿ ದೊರೆಯುವ ವಸ್ತುವಲ್ಲ. ಬಹುಮಟ್ಟಿಗೆ ಪ್ರತಿಯೊಂದೂ ತನ್ನ ಊರಿನ ಅಗತ್ಯಕ್ಕೆ ತಕ್ಕಂತೆ ಬೇರೆಯಾಗಿಯೇ ನಿರ್ಮಾಣಗೊಳ್ಳುತ್ತದೆ. ಅದರ ಹೃದಯಭಾಗಕ್ಕೆ ಬೇಕಾದ ವಿಶೇಷ ಸಿಲಿಕಾನ್ ಉಕ್ಕನ್ನು ಅಮೆರಿಕದಲ್ಲಿ ತಯಾರಿಸುವ ಸಂಸ್ಥೆ ಒಂದೇ ಒಂದು. ವೋಲ್ಟೇಜನ್ನು ಹೊರೆಯಿರುವಾಗಲೇ ಹೊಂದಿಸುವ ಟ್ಯಾಪ್ ಚೇಂಜರ್ ಎಂಬ ಭಾಗಕ್ಕಾಗಿ ಜಗತ್ತಿನ ಅನೇಕ ತಯಾರಕರು ಜರ್ಮನಿಯ ರೇಗನ್ಸ್‌ಬರ್ಗ್ ನಗರದತ್ತ ಮುಖ ಮಾಡುತ್ತಾರೆ. 2021ರ ನಂತರ ಇಂಥ ಟ್ರಾನ್ಸ್‌ಫಾರ್ಮರುಗಳಿಗೆ ಕಾಯುವ ಅವಧಿ ಎರಡು ವರ್ಷವನ್ನು ದಾಟಿ, ಕೆಲವು ಸಂದರ್ಭಗಳಲ್ಲಿ ನಾಲ್ಕು ವರ್ಷಕ್ಕೂ ಮುಟ್ಟಿತು.

ಇಲ್ಲಿ ‘ನಿರ್ಣಾಯಕ ಸಾಮಗ್ರಿ’ ಯಾವುದು? ಬೆಲೆ ಹೆಚ್ಚಿನದು ಎಂದು ಆಡಳಿತ ಮಂಡಳಿಯವರು ತಟ್ಟನೆ ಉತ್ತರಿಸುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಲೆಕ್ಕ ನೋಡೋಣ. ಯಂತ್ರವನ್ನು 24 ತಿಂಗಳಲ್ಲಿ ತಲುಪಿಸುವುದಾಗಿ ಒಪ್ಪಂದವಾಗಿದೆಯೆನ್ನಿ. ನಕ್ಷೆಗಳು ಸಿದ್ಧವಾಗಿ ಗ್ರಾಹಕರ ಒಪ್ಪಿಗೆ ಪಡೆಯಲು 8 ತಿಂಗಳು. ತೊಟ್ಟಿಯೊಳಗಿನ ಸುರುಳಿಗಳಿಂದ ಹೊರಗಿನ ತಂತಿಗೆ ವಿದ್ಯುತ್ತನ್ನು ಸುರಕ್ಷಿತವಾಗಿ ದಾಟಿಸುವ ಬುಶಿಂಗ್ ಎಂಬ ಭಾಗ ಬರಲು 15 ತಿಂಗಳು. ಅದು ಬಂದ ಮೇಲೆ ಅಂತಿಮ ಜೋಡಣೆ, ಪರೀಕ್ಷೆ, ಸಾಗಾಣಿಕೆಗೆ 4 ತಿಂಗಳು. ಒಟ್ಟು 27, ಕೈಯಲ್ಲಿರುವುದು 24. ಆದುದರಿಂದ ನಕ್ಷೆ ಮುಗಿಯುವುದಕ್ಕೆ ಮೂರು ತಿಂಗಳು ಮೊದಲೇ, ಐದನೆಯ ತಿಂಗಳ ಕೊನೆಯೊಳಗೆ, ಬುಶಿಂಗಿಗೆ ಬೇಡಿಕೆ ಸಲ್ಲಿಸಿರಬೇಕು. ನಕ್ಷೆಗಾಗಿ ಕಾಯಲು ಬಿಡದ ಸಾಮಗ್ರಿಯೇ ನಿರ್ಣಾಯಕ ಸಾಮಗ್ರಿ. ಇಡೀ ಯಂತ್ರದ ಬೆಲೆಯ ಮುಂದೆ ಅದರ ಬೆಲೆ ಅಲ್ಪವಾಗಿದ್ದರೂ ಸರಿಯೇ.

ಈ ಸಮಸ್ಯೆ ಗಣಕಯುಗದ್ದೇನೂ ಅಲ್ಲ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರ ಜೂನ್ ತಿಂಗಳಲ್ಲಿ ವಿದ್ಯುತ್ ಹರಿಯಿತಷ್ಟೆ. ಅದಕ್ಕೆ ಜಲಚಕ್ರಗಳು ಬಂದದ್ದು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಸಂಸ್ಥೆಯಿಂದ, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಿಂದ. ತೊಂಬತ್ತು ಮೈಲಿಗೂ ಮೀರಿದ ಆ ತಂತಿಮಾರ್ಗದ ಎರಡು ತುದಿಗಳಲ್ಲಿಯೂ ಒಂದು ಭಾಗ ಮರೆತುಹೋದರೆ ಮತ್ತೆ ಹಡಗಿಗಾಗಿಯೇ ಕಾಯಬೇಕಿದ್ದ ಕಾಲ! ಆಗ ಕಾಗದ-ಪೆನ್ಸಿಲ್ ಹಿಡಿದು ಕುಳಿತವರನ್ನು ನಾನು ಆಗಾಗ್ಗೆ ಗೌರವದಿಂದ ನೆನೆಯುತ್ತೇನೆ.

ಇಂದಿನ ತಂತ್ರಾಂಶದಲ್ಲಿ ಇದಕ್ಕೆ ದಾರಿಯಿದೆ. ಇಡೀ ಒಪ್ಪಂದವನ್ನು ಒಂದು ಯೋಜನೆಯಾಗಿ ತೆರೆದು, ಅದನ್ನು ಮರದ ಕೊಂಬೆಗಳಂತೆ ಭಾಗಗಳಾಗಿ ವಿಂಗಡಿಸಿ, ಆಯಾ ಕೊಂಬೆಯ ಹೆಸರಿನಲ್ಲಿ ನಿರ್ಣಾಯಕ ಸಾಮಗ್ರಿಯನ್ನು ಮುಂಗಡವಾಗಿ ಖರೀದಿಸಬಹುದು. ಎಂಟನೆಯ ತಿಂಗಳಲ್ಲಿ ಪೂರ್ಣ ಪಟ್ಟಿ ಬಂದಾಗ, ಇದು ಈಗಾಗಲೇ ಬರುತ್ತಿದೆಯೆಂದು ಗಣಕಯಂತ್ರವೇ ಗುರುತಿಸಿ ಸುಮ್ಮನಾಗುತ್ತದೆ. ಗುರುತಿಸುವುದು ವಸ್ತುವಿನ ಸಂಖ್ಯೆಯಿಂದ ಎಂಬುದೇ ಇಲ್ಲಿಯ ಗುಟ್ಟು. ನಾನು ಕಂಡ ಕಾರ್ಖಾನೆಯೊಂದರಲ್ಲಿ ವಿನ್ಯಾಸಕಾರರು ಅದೇ ಬುಶಿಂಗಿಗೆ ಹೊಸ ಸಂಖ್ಯೆಯೊಂದನ್ನು ಕರುಣಿಸಿದರು. ಮೂರು ಬೇಕಿದ್ದಲ್ಲಿ ಆರು ಬಂದವು. ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಅದರ ಪಾಲಿಗೆ ಅವು ಎರಡು ಬೇರೆ ವಸ್ತುಗಳೇ ಆಗಿದ್ದವು.

ಹೀಗೆ ಬಂದ ಸಾಮಗ್ರಿ ಸಾಮಾನ್ಯ ಉಗ್ರಾಣಕ್ಕೆ ಸೇರದೆ, ಆ ಯೋಜನೆಯ ಸ್ವಂತ ದಾಸ್ತಾನಾಗಿ ಉಳಿಯುತ್ತದೆ. ಪಕ್ಕದ ಯೋಜನೆಗೆ ಅದೇ ಬುಶಿಂಗ್ ಬೇಕಾದರೂ, ವರ್ಗಾವಣೆಯನ್ನು ದಾಖಲಿಸದೆ ಮುಟ್ಟುವಂತಿಲ್ಲ. ಈ ಬೇಲಿಯನ್ನು ಅನೇಕರು ಕಿರಿಕಿರಿ ಎನ್ನುತ್ತಾರೆ. ಅದರ ಬೆಲೆ ನನಗೆ ಮನದಟ್ಟಾದದ್ದು ಮಧ್ಯಪಶ್ಚಿಮ ರಾಜ್ಯವೊಂದರ ಕಾರ್ಖಾನೆಯಲ್ಲಿ. ಗ್ರಾಮಾಂತರದ ವಿದ್ಯುತ್ ಸಹಕಾರ ಸಂಘವೊಂದಕ್ಕೆಂದು ಬಂದಿಳಿದ ಮೂರು ಬುಶಿಂಗುಗಳನ್ನು, ಮಾಹಿತಿ ಕೇಂದ್ರವೊಂದನ್ನು ಕಟ್ಟುತ್ತಿದ್ದ ದೊಡ್ಡ ಗ್ರಾಹಕರ ಯಂತ್ರಕ್ಕೆ ಜೋಡಿಸುವಂತೆ ಮೇಲಿನಿಂದ ಆದೇಶ ಬಂದಿತು. ತಡವಾದರೆ ದೊಡ್ಡ ಗ್ರಾಹಕರಿಗೆ ತೆರಬೇಕಾದ ದಂಡ ಹೆಚ್ಚು. ಸಾಮಗ್ರಿ ಯೋಜನಾ ವಿಭಾಗದ ಮುಖ್ಯಸ್ಥೆ, ನಿವೃತ್ತಿಗೆ ಹತ್ತಿರವಿದ್ದ ಹಿರಿಯರು, ಲಿಖಿತ ಆಕ್ಷೇಪಣೆ ಸಲ್ಲಿಸಿದರು, ಅದು ಫಲಿಸಲಿಲ್ಲ. ವರ್ಗಾವಣೆ ಆಯಿತು. ತಂತ್ರಾಂಶದಲ್ಲಿ ಅದು ಒಂದೇ ಸಾಲಿನ ದಾಖಲೆ.

ಬದಲಿ ಬುಶಿಂಗುಗಳನ್ನು ಬೇರೊಂದು ಯೋಜನೆಯ ಸರದಿಯಿಂದ ಹೊಂದಿಸಿಕೊಂಡರೂ ಸಹಕಾರ ಸಂಘದ ಟ್ರಾನ್ಸ್‌ಫಾರ್ಮರ್ ಏಳು ವಾರ ತಡವಾಯಿತು. ಆ ಏಳು ವಾರಗಳು ಕಡುಬೇಸಿಗೆಯವು. ಊರಿನ ಇಡೀ ಹೊರೆ ಹಳೆಯ ಯಂತ್ರವೊಂದರ ಮೇಲೆಯೇ ನಿಂತಿತ್ತು. ಅದು ಕೈಕೊಟ್ಟಿದ್ದರೆ ಬದಲಿ ಇರಲಿಲ್ಲ. ಪುಣ್ಯಕ್ಕೆ ಕೈಕೊಡಲಿಲ್ಲ. ತ್ರೈಮಾಸಿಕ ವರದಿಯಲ್ಲಿ ಉಳಿತಾಯವಾದ ದಂಡದ ಮೊತ್ತ ಎದ್ದು ಕಾಣುತ್ತಿತ್ತು. ಊರೊಂದು ಉಸಿರು ಬಿಗಿಹಿಡಿದು ಕಳೆದ ವಾರಗಳಿಗೆ ಅದರಲ್ಲಿ ಜಾಗವೇ ಇರಲಿಲ್ಲ.

ಆ ಮುಖ್ಯಸ್ಥೆಯವರು ನಿವೃತ್ತರಾಗುವ ಮುನ್ನ ನನ್ನಿಂದ ಎರಡು ಕೆಲಸ ಮಾಡಿಸಿದರು. ಮೊದಲನೆಯದು, ಕಾಯುವ ಅವಧಿಗಳ ಪರಿಷ್ಕರಣೆ. ತಂತ್ರಾಂಶದಲ್ಲಿ ಬುಶಿಂಗಿಗೆ ಎಂದೋ ನಮೂದಿಸಿದ 30 ವಾರ ಹಾಗೆಯೇ ಕುಳಿತಿತ್ತು. ಸರಬರಾಜುದಾರರು 60 ಎನ್ನುತ್ತಿದ್ದರು. ಈಗ ತಿಂಗಳಿಗೊಮ್ಮೆ ದೂರವಾಣಿಯಲ್ಲಿ ವಿಚಾರಿಸಿ ತಿದ್ದದಿದ್ದರೆ ಆ ಅಂಕಿ ಪರದೆಯ ಮೇಲೆ ಕೆಂಪಾಗುತ್ತದೆ. ಎರಡನೆಯದು, ಯೋಜನೆಯಿಂದ ಯೋಜನೆಗೆ ಕಡ ಕೊಡುವಾಗ ತೆರೆಯುವ ಪುಟ. ಕೊಡುವ ಯೋಜನೆಯ ಹೊಸ ವಿತರಣಾ ದಿನಾಂಕವನ್ನೂ ಅನುಮತಿಸಿದವರ ಹೆಸರನ್ನೂ ತುಂಬದೆ ಅದು ಮುಂದಕ್ಕೆ ಹೋಗಗೊಡದು. ಯೋಜನೆಯ ಸಂಖ್ಯೆಯಷ್ಟೇ ಸಾಲದೆಂದು ಅವರು ಪಟ್ಟುಹಿಡಿದದ್ದರಿಂದ, ಪುಟದ ನೆತ್ತಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಯಂತ್ರಕ್ಕಾಗಿ ಕಾದಿರುವ ಊರಿನ ಹೆಸರು ಮೂಡುತ್ತದೆ.